ನೀಲ್ ಯಂಗ್‌ನ ‘ಡೆಡ್ ಮ್ಯಾನ್’ ನಿಮಗೆ ನಿಜವಾಗಲೂ ಇಷ್ಟ ಆಯ್ತಾ?

ಹಳೇಕ್ಯಾಸೆಟ್

ಮೊದಲೇ ಹೇಳಿಬಿಡುತ್ತೇನೆ, ನಾನು ಕೆನಡಾದ ರಾಕ್ ಗಾಯಕ ನೀಲ್ ಯಂಗ್ ಭಕ್ತ. ‘ಹಾರ್ವೆಸ್ಟ್’ ಕ್ಯಾಸೆಟ್ಟಿನ ರೀಲು ಹೊರಗೆ ಬಂದಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ ಮತ್ತೆ ಕೇಳಿದವನು. ‘ರಸ್ಟ್ ನೆವರ್ ಸ್ಲೀಪ್ಸ್’ ಎರಡೂ ಬದಿ ಬಾಯಿಪಾಠ. ಆದರೆ ‘ಡೆಡ್ ಮ್ಯಾನ್’ ಸಿನಿಮಾಗೆ ಅವನು ಮಾಡಿದ ಸಂಗೀತದ ಆಲ್ಬಮ್ ಮಾತ್ರ ಇಷ್ಟು ವರ್ಷ ಕೈಗೆ ಸಿಕ್ಕಿರಲಿಲ್ಲ. ಸಿನಿಮಾನೂ ನೋಡಿಲ್ಲ. ಹೋದ ವಾರ ಹಳೇ ಸಿಡಿ ಒಂದು ಸಿಕ್ಕಿತು. ಶನಿವಾರ ರಾತ್ರಿ ಊಟ ಮುಗಿಸಿ, ಲೈಟ್ ಆರಿಸಿ, ಶ್ರದ್ಧೆಯಿಂದ ಕೂತೆ.

ಹತ್ತು ನಿಮಿಷಕ್ಕೆ ಹೆಂಡತಿ ಬಂದು "ಸ್ಪೀಕರ್ ವೈರ್ ಲೂಸ್ ಆಗಿದೆಯೇನ್ರೀ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

13 ಟ್ರ್ಯಾಕ್, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಅದರಲ್ಲಿ 6 ಗಿಟಾರ್ ಸೋಲೋ. ಹೆಸರಿಡುವ ತೊಂದರೆಯನ್ನೂ ತೆಗೆದುಕೊಂಡಿಲ್ಲ. ಗಿಟಾರ್ ಸೋಲೋ ನಂಬರ್ 1, ನಂಬರ್ 2, ಹೀಗೇ 6ರ ತನಕ. ಒಂದು ಆರ್ಗನ್ ಸೋಲೋ. ಮಿಕ್ಕ 6 ಟ್ರ್ಯಾಕಿನಲ್ಲಿ ಸಿನಿಮಾದ ಮಾತು. ಸಿನಿಮಾದ ನಾಯಕ ಜಾನಿ ಡೆಪ್ ನಡುನಡುವೆ ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್‌ನ ಪದ್ಯ ಓದುತ್ತಾನೆ. ಕಾರಿನ ಸದ್ದೂ ಇದೆ. 19ನೇ ಶತಮಾನದ ಕಥೆಗೆ ಕಾರು! ಹಾಡು ಒಂದೂ ಇಲ್ಲ.

ಜಗಳ ತೆಗೆಯುತ್ತಿಲ್ಲ. ಇದನ್ನು ಇಷ್ಟಪಡುವವರು ಇಲ್ಲಿ ಇದ್ದೀರಿ ಅಂತ ಗೊತ್ತು. ಏನು ಕೇಳಿಸುತ್ತದೆ ನಿಮಗೆ ಇದರಲ್ಲಿ?

ಲೆಕ್ಕಿಗ

ಸ್ವಾಗತ ಸರ್. ನಮ್ಮ ಪಕ್ಷಕ್ಕೆ ಇನ್ನೊಂದು ಓಟು ಬಂತು.

ನಿಮಗಿಂತ ಮೊದಲು ಅಮೆರಿಕದ ಚಿತ್ರವಿಮರ್ಶಕ ರೋಜರ್ ಈಬರ್ಟ್ ಇದನ್ನೇ ಹೇಳಿ ಆಗಿದೆ. ಸಿನಿಮಾಗೆ ನಾಲ್ಕರಲ್ಲಿ ಒಂದೂವರೆ ಸ್ಟಾರ್ ಕೊಟ್ಟರು. ಸಂಗೀತದ ಬಗ್ಗೆ ಬರೆದದ್ದು ಇನ್ನೂ ಖಾರ. ಕೊನೆಯ ಅರ್ಧ ಗಂಟೆ ಯಾರೋ ಒಬ್ಬ ಗಿಟಾರನ್ನು ಪದೇಪದೇ ಕೆಳಗೆ ಬೀಳಿಸುತ್ತಿರುವ ಹಾಗೆ ಕೇಳುತ್ತದಂತೆ. ನಾನು ಈಬರ್ಟ್ ಹೇಳಿದ್ದನ್ನೆಲ್ಲ ಒಪ್ಪುವವನಲ್ಲ. ಇದನ್ನು ಒಪ್ಪಿದೆ.

ಕಡಲಕರೆ

ಮಾರಾಯ್ರೆ, ಸಿನಿಮಾ ನೋಡದೆ ಕೇಳಿದಿರಾ? ಅದು ಸಾಂಬಾರಿನ ಪುಡಿಯನ್ನು ಹಾಗೇ ಬಾಯಿಗೆ ಹಾಕಿಕೊಂಡ ಹಾಗೆ ಆಯಿತು.

ಇದು ಹೇಗೆ ರೆಕಾರ್ಡ್ ಆಯಿತು ಅಂತ ತಿಳಿದರೆ ನಿಮ್ಮ ಸಿಟ್ಟು ಸ್ವಲ್ಪ ಇಳಿಯಬಹುದು. ನಿರ್ದೇಶಕ ಜಿಮ್ ಜಾರ್ಮುಶ್ ಈ ಚಿತ್ರ ಬರೆಯುವಾಗಲೇ ನೀಲ್ ಮತ್ತು ಅವನ ತಂಡ ಕ್ರೇಜಿ ಹಾರ್ಸ್ ಕೇಳುತ್ತಿದ್ದ. ಆಮೇಲೆ ನೀಲ್‌ನನ್ನೇ ಹಿಡಿದ. 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೂತು, ಸುತ್ತ ಪರದೆಗಳನ್ನಿಟ್ಟುಕೊಂಡು, ಸಿನಿಮಾವನ್ನು ನಿಲ್ಲಿಸದೆ ಓಡಿಸಿ, ನೋಡುತ್ತಾ ನೋಡುತ್ತಾ ನುಡಿಸಿದ್ದು. ಎಲೆಕ್ಟ್ರಿಕ್ ಗಿಟಾರ್ ಕೈಯಲ್ಲಿ, ಪಿಯಾನೋ ಆರ್ಗನ್ ಪಕ್ಕದಲ್ಲಿ. ಬರೆದಿಟ್ಟ ಸ್ವರ ಇಲ್ಲ. ಮೂಕಿ ಚಿತ್ರದ ಕಾಲದಲ್ಲಿ ಪರದೆ ಕೆಳಗೆ ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಕೂರುತ್ತಿದ್ದರಲ್ಲ, ಅದೇ ಪದ್ಧತಿ.

ನಮ್ಮ ಕಡೆಯವರಿಗೆ ಇದು ಹೊಸತಲ್ಲ. ಯಕ್ಷಗಾನದಲ್ಲಿ ವೇಷದ ಹೆಜ್ಜೆ ನೋಡಿ ಚೆಂಡೆಯವರು ಪೆಟ್ಟು ಕೊಡುತ್ತಾರೆ. ವೇಷಧಾರಿ ಒಂದು ಕ್ಷಣ ತಡೆದರೆ ಕೋಲೂ ತಡೆಯುತ್ತದೆ. ‘ಡೆಡ್ ಮ್ಯಾನ್’ನಲ್ಲಿ ನೀಲ್ ಮಾಡಿದ್ದೂ ಅದನ್ನೇ.

ಲೆಕ್ಕಿಗ

ಸರಿ ಸ್ವಾಮಿ. ಆ ಚೆಂಡೆಯನ್ನು ಮಾತ್ರ ರೆಕಾರ್ಡ್ ಮಾಡಿ ಒಂದು ಗಂಟೆ ಮನೆಯಲ್ಲಿ ಕೂತು ಕೇಳುತ್ತೀರಾ?

ಕಡಲಕರೆ

ಕೇಳುತ್ತೇನೆ. ಕೇಳಿದ್ದೇನೆ ಕೂಡ. ಮನೆಯವರು ಬೈದದ್ದು ಬೇರೆ ವಿಷಯ.

ಆರನೇತಂತಿ

ಗಿಟಾರ್ ನುಡಿಸುವವನಾಗಿ ನಾಲ್ಕು ಮಾತು. "ಗಿಟಾರ್ ಬೀಳಿಸಿದ" ಅನ್ನುವುದು ತಮಾಷೆಗೆ ಚೆನ್ನ. ಆದರೆ ಆ ಸದ್ದು ಬರಬೇಕಾದರೆ ಏನೇನು ಬೇಕು ಅಂತ ನೋಡಿ.

ನೀಲ್‌ನ ಗಿಟಾರಿಗೆ ‘ಓಲ್ಡ್ ಬ್ಲ್ಯಾಕ್’ ಅಂತ ಹೆಸರು. 1953ರ ಗಿಬ್ಸನ್ ಲೆಸ್ ಪಾಲ್. ಕಾರ್ಖಾನೆಯಿಂದ ಬಂಗಾರದ ಬಣ್ಣದಲ್ಲಿ ಬಂದದ್ದು, ಆಮೇಲೆ ಯಾರೋ ಕಪ್ಪು ಬಳಿದರು. ನೀಲ್‌ನ ಹಳೇ ತಂಡ ಬಫಲೋ ಸ್ಪ್ರಿಂಗ್‌ಫೀಲ್ಡ್‌ನ ಜೊತೆಗಾರ ಜಿಮ್ ಮೆಸಿನಾ ಹತ್ತಿರ ಇತ್ತು, ನೀಲ್ ಕೈಗೆ ಬಂತು. ಇದರಲ್ಲಿ ಎರಡು ವಿಶೇಷ. ಒಂದು, ಬಿಗ್ಸ್‌ಬಿ ಹಿಡಿಕೆ. ಅದನ್ನು ಒತ್ತಿದರೆ ಆರೂ ತಂತಿ ಒಟ್ಟಿಗೆ ಸಡಿಲವಾಗಿ ಸ್ವರ ಜಾರುತ್ತದೆ. ಇನ್ನೊಂದು, ಬ್ರಿಡ್ಜ್ ಹತ್ತಿರ ಇರುವ ಫೈರ್‌ಬರ್ಡ್ ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯುವ ಸಾಧನ. ಅದು ಎಷ್ಟು ಸೂಕ್ಷ್ಮ ಅಂದರೆ ಅದರ ಮುಂದೆ ಮಾತಾಡಿದರೂ ಸದ್ದು ಹಿಗ್ಗಿಸುವ ಆಂಪಿನಲ್ಲಿ ಕೇಳುತ್ತದೆ ಅನ್ನುತ್ತಾರೆ. ಆಂಪ್ 1959ರ ಫೆಂಡರ್ ಡಿಲಕ್ಸ್. ಚಿಕ್ಕ ಪೆಟ್ಟಿಗೆ, ಪೂರ್ತಿ ತಿರುಗಿಸಿ ಇಟ್ಟದ್ದು.

ಫೀಡ್‌ಬ್ಯಾಕ್ ಸುಮ್ನೆ ಗಲಾಟೆ ಅಲ್ಲ. ಆಂಪಿನಿಂದ ಬಂದ ಸದ್ದು ತಂತಿಯನ್ನು ಮತ್ತೆ ಅಲುಗಾಡಿಸುತ್ತದೆ. ಪಿಕಪ್ ಅದನ್ನು ಹಿಡಿದು ಮತ್ತೆ ಆಂಪಿಗೆ ಕಳಿಸುತ್ತದೆ. ಹೀಗೆ ಸುತ್ತು. ಮೀಟಿದ ಸ್ವರ ಸಾಯುವುದೇ ಇಲ್ಲ. ಒಂದು ಹೆಜ್ಜೆ ಹಿಂದೆ ಸರಿದರೆ, ಮೈ ಸ್ವಲ್ಪ ತಿರುಗಿಸಿದರೆ ಬೇರೆ ಸ್ವರ ಏಳುತ್ತದೆ. ಅಂದರೆ ಅವನು ಬೆರಳಿನಿಂದ ಮಾತ್ರ ನುಡಿಸುತ್ತಿಲ್ಲ, ಕೋಣೆಯಲ್ಲಿ ಎಲ್ಲಿ ನಿಂತಿದ್ದಾನೆ ಅನ್ನುವುದರಿಂದಲೂ ನುಡಿಸುತ್ತಿದ್ದಾನೆ. ಸೋಲೋ 1ರಲ್ಲಿ ಒಂದು ಸ್ವರವನ್ನು ಮೀಟಿ ಬಿಟ್ಟುಬಿಡುತ್ತಾನೆ. ಅದು ತಾನಾಗಿ ಬಣ್ಣ ಬದಲಿಸುವ ತನಕ ಕಾಯುತ್ತಾನೆ. ಆ ಕಾಯುವಿಕೆ ಬಹಳ ಕಷ್ಟ. ನನ್ನಂಥವರ ಕೈ ಸುಮ್ಮನಿರುವುದಿಲ್ಲ, ಏನಾದರೂ ತುಂಬಿಬಿಡುತ್ತೇವೆ.

ಇಷ್ಟಾಗಿ 14 ನಿಮಿಷ ಮೀರಿದ ಆ ಸೋಲೋ 5 ಉದ್ದವಾಯಿತು ಅಂತ ನನಗೂ ಅನಿಸುತ್ತದೆ.

ಧಾರವಾಡಿ

ಈಗ ಯಾರಾದರೂ ಬಂದು "ಇದು ಆಲಾಪದ ಹಾಗೆ" ಅಂತಾರ ಅಂತ ಕಾಯ್ತಾ ಇದ್ದೆ. ಯಾರೂ ಹೇಳಲಿಲ್ಲ, ಪುಣ್ಯ. ಬೇರೆ ಕಡೆ ಬಹಳ ಸಲ ಓದಿದ್ದೇನೆ. ಅದಕ್ಕೆ ಮೊದಲೇ ತಕರಾರು ದಾಖಲು ಮಾಡುತ್ತೇನೆ.

ನಿಧಾನ ಆದ ಮಾತ್ರಕ್ಕೆ ಆಲಾಪ ಆಗುವುದಿಲ್ರೀ. ಆಲಾಪದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಲು ಕಾರಣ ಇರುತ್ತದೆ. ಷಡ್ಜದ ಸುತ್ತ ಓಡಾಡಿ, ನಿಷಾದ ಮುಟ್ಟಿ ವಾಪಸ್ ಬಂದು, ಗಾಂಧಾರ ಇನ್ನೂ ಬರಲಿಲ್ಲ ಅಂತ ನಮ್ಮನ್ನ ಚಡಪಡಿಸುವ ಹಾಗೆ ಮಾಡಿ, ಆಮೇಲೆ ಅಲ್ಲಿ ನಿಲ್ಲುತ್ತಾರೆ. ಅರ್ಧ ಗಂಟೆ ಆದರೂ ದಾರಿ ತಪ್ಪುವುದಿಲ್ಲ. ಇಲ್ಲಿ ಒಂದು ಸಣ್ಣ ತುಣುಕು ಇದೆ, ಮೂರು ನಾಲ್ಕು ಸ್ವರದ್ದು. ಅದನ್ನ ನುಡಿಸುತ್ತಾನ, ಬಿಡುತ್ತಾನ, ಮತ್ತೆ ನುಡಿಸುತ್ತಾನ. ಬೆಳೆಯುವುದೇ ಇಲ್ಲ. ಸೋಲೋ 1ಕ್ಕೂ ಸೋಲೋ 6ಕ್ಕೂ ಏನು ಫರಕ್? ಕಣ್ಣು ಮುಚ್ಚಿ ಯಾರಾದರೂ ಹೇಳಿ ನೋಡೋಣ.

ನನಗೆ ನೀಲ್ ಬಗ್ಗೆ ಗೌರವ ಇದೆ. ಆ ತೆಳ್ಳನೆ, ಒಡೆದಂಥ ದನಿ ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅದನ್ನೇ ತೆಗೆದುಬಿಟ್ಟರೆ ಉಳಿಯುವುದು ಏನು?

ಮಳೆಬಿಲ್ಲು

ಬೆಳೆಯುವುದಿಲ್ಲ, ನಿಜ. ಆದರೆ ಆ ಸಿನಿಮಾದಲ್ಲಿ ಬೆಳೆಯಬಾರದು ಸರ್.

ಕ್ಲೀವ್‌ಲ್ಯಾಂಡಿನ ಒಬ್ಬ ಗುಮಾಸ್ತ (ಡೆಪ್), ಹೆಸರು ಆ ಕವಿಯದೇ, ವಿಲಿಯಂ ಬ್ಲೇಕ್, ಮಶೀನ್ ಅನ್ನುವ ಊರಿಗೆ ಕೆಲಸಕ್ಕೆ ಹೋಗುತ್ತಾನೆ. ಕೆಲಸ ಬೇರೆಯವರಿಗೆ ಆಗಲೇ ಹೋಗಿದೆ. ಅದೇ ರಾತ್ರಿ ಎದೆಗೆ ಗುಂಡು ಬೀಳುತ್ತದೆ. ಅಲ್ಲಿಂದ ಕೊನೆಯ ತನಕ ಅವನು ಸಾಯುತ್ತಲೇ ಇರುತ್ತಾನೆ. ಎರಡು ಗಂಟೆಯ ಸಿನಿಮಾ, ಹೆಚ್ಚು ಭಾಗ ಒಂದೇ ಸಾವು. ಗುಂಡು ಒಳಗೇ ಇದೆ, ತೆಗೆಯಲು ಆಗುವುದಿಲ್ಲ. ಆ ಮೂರು ನಾಲ್ಕು ಸ್ವರ ನನಗೆ ಆ ಗುಂಡಿನ ಹಾಗೆ. ಎದೆಯಲ್ಲಿದೆ, ಆಗಾಗ ನೋಯುತ್ತದೆ, ಅಷ್ಟೇ.

ಛಾಯಾಗ್ರಾಹಕ ರಾಬಿ ಮ್ಯೂಲರ್ ಕಪ್ಪು ಬಿಳುಪಿನಲ್ಲಿ ತೆಗೆದ ಸಿನಿಮಾ. ಒಂದೊಂದು ದೃಶ್ಯ ಮುಗಿದಾಗ ಪರದೆ ಪೂರ್ತಿ ಕಪ್ಪಾಗುತ್ತದೆ. ಆ ಕಪ್ಪಿನ ಅಂಚಿನಲ್ಲಿ ಗಿಟಾರ್ ಒಂದು ಸಲ ಗುಡುಗಿ ನಿಲ್ಲುತ್ತದೆ. ಶುರುವಿನ ರೈಲಿನ ದೃಶ್ಯ ನೋಡಿ. ಜನ ಬದಲಾಗುತ್ತಾ ಹೋಗುತ್ತಾರೆ, ಕೋಟಿನವರು ಹೋಗಿ ಚರ್ಮದ ಬಟ್ಟೆಯವರು ಬರುತ್ತಾರೆ, ಕೊನೆಗೆ ಎಲ್ಲರೂ ಕಿಟಕಿಯಿಂದ ಕಾಡೆಮ್ಮೆಗಳಿಗೆ ಗುಂಡು ಹಾರಿಸುತ್ತಾರೆ. ಅಷ್ಟು ಹೊತ್ತೂ ಮಾತು ತೀರಾ ಕಡಿಮೆ. ಗಿಟಾರ್ ಇಲ್ಲದಿದ್ದರೆ ನಾವು ಎದ್ದು ಹೋಗುತ್ತಿದ್ದೆವೋ ಏನೋ.

ಆಲ್ಬಮ್ ಬಗ್ಗೆ ಮಾತ್ರ ನಾನು ಹಳೇಕ್ಯಾಸೆಟ್ ಅವರ ಕಡೆ. ಸಿನಿಮಾದಲ್ಲಿ ಗಿಟಾರ್ ಬಂದು ಹೋಗುತ್ತದೆ. ನಡುವೆ ಗಾಳಿ, ಕುದುರೆ, ಬೆಂಕಿ, ಸುಮ್ಮನಿರುವ ಕಾಡು. ಸಿಡಿಯಲ್ಲಿ ಆ ಸುಮ್ಮನಿರುವುದು ಎಲ್ಲಿದೆ? ಅದನ್ನು ತೆಗೆದು ಅಲ್ಲಿ ಡೈಲಾಗ್ ತುಂಬಿದ್ದಾರೆ.

ಹಳೇಕ್ಯಾಸೆಟ್

ಮೇಡಂ, ನನಗೆ ಹೇಳಲು ಬರದಿದ್ದನ್ನು ಹೇಳಿದಿರಿ. ಡೈಲಾಗೇ ನನಗೆ ಜಾಸ್ತಿ ಚುಚ್ಚಿದ್ದು. ಮೊದಲ ಸಲ ಕೇಳಿದಾಗ ಕುತೂಹಲ. ಎರಡನೇ ಸಲ ಕಿರಿಕಿರಿ. ಮೂರನೇ ಸಲ ರಿಮೋಟ್ ಹುಡುಕುವ ಹಾಗೆ ಆಯಿತು.

ಕಡಲಕರೆ

ಮಾತು ಇರುವ ಕ್ಯಾಸೆಟ್ ನಾವು ಕೇಳಿಲ್ಲವಾ? ಮಾಸ್ಟರ್ ಹಿರಣ್ಣಯ್ಯನವರ ನಾಟಕದ ಕ್ಯಾಸೆಟ್ ಊರಿಡೀ ಓಡುತ್ತಿತ್ತು. ಧೀರೇಂದ್ರ ಗೋಪಾಲ್ ಕ್ಯಾಸೆಟ್ ಹಾಕಿಕೊಂಡು ಹೋಟೆಲಿನಲ್ಲಿ ಜನ ನಗುತ್ತಾ ಕೂರುತ್ತಿದ್ದರು. ಮುಂದಿನ ಮಾತು ಗೊತ್ತಿದ್ದೂ ಕಾಯುತ್ತಿದ್ದರು.

ಲೆಕ್ಕಿಗ

ಅಲ್ಲಿ ಮಾತು ಕೇಳಲೆಂದೇ ದುಡ್ಡು ಕೊಡುತ್ತಿದ್ದೆವು. ಹಿರಣ್ಣಯ್ಯನವರು ನಡುವೆ 14 ನಿಮಿಷ ಗಿಟಾರ್ ನುಡಿಸುತ್ತಿರಲಿಲ್ಲ.

ಟೊರಾಂಟೊಮಾಮ

ಡೈಲಾಗ್ ಬೇಡ ಅನ್ನುವವರಿಗೆ ಒಂದು ಮಾತು. ನಾನು ಆ ಆಲ್ಬಮ್ ಕೇಳುವುದೇ ಗ್ಯಾರಿ ಫಾರ್ಮರ್ ದನಿಗೋಸ್ಕರ.

ಸಿನಿಮಾದಲ್ಲಿ ನೋಬಡಿ ಅನ್ನುವ ಮೂಲನಿವಾಸಿಯ ಪಾತ್ರ ಅವರದು. ಚಿಕ್ಕವನಿದ್ದಾಗ ಬಿಳಿಯರು ಹಿಡಿದು ಇಂಗ್ಲೆಂಡಿಗೆ ಸಾಗಿಸುತ್ತಾರೆ, ಅಲ್ಲಿ ಬ್ಲೇಕ್‌ನ ಪದ್ಯ ಓದಿ ಮರುಳಾಗುತ್ತಾನೆ. ತಿರುಗಿ ಬಂದರೆ ತನ್ನ ಜನ ನಂಬುವುದಿಲ್ಲ. ಆ ಕಥೆಯನ್ನು ಅವನು ಹೇಳುವುದು ಆಲ್ಬಮ್ಮಿನಲ್ಲೂ ಒಂದು ಟ್ರ್ಯಾಕಾಗಿ ಇದೆ. ಅದನ್ನು ಕತ್ತರಿಸಿ ಗಿಟಾರ್ ಮಾತ್ರ ಇಟ್ಟಿದ್ದರೆ, ಮತ್ತೆ ಅವನ ಬಾಯಿ ಮುಚ್ಚಿಸಿದ ಹಾಗೆ ಆಗುತ್ತಿತ್ತು ಅಲ್ವಾ?

ಫಾರ್ಮರ್ ಇದೇ ಒಂಟಾರಿಯೊದವರು, ಸಿಕ್ಸ್ ನೇಷನ್ಸ್ ಪ್ರದೇಶದ ಕಯೂಗ ಮೂಲನಿವಾಸಿ ಜನ. ಸಿನಿಮಾದಲ್ಲಿ ಕ್ರೀ, ಬ್ಲ್ಯಾಕ್‌ಫುಟ್ ಭಾಷೆಯ ಮಾತುಗಳಿವೆ. ಜಾರ್ಮುಶ್ ಅವಕ್ಕೆ ಸಬ್‌ಟೈಟಲ್ ಹಾಕಲಿಲ್ಲ. ಆ ಭಾಷೆ ಬಲ್ಲವರಿಗೆ ಮಾತ್ರ ಅಲ್ಲಿನ ಜೋಕು ಗೊತ್ತಾಗಲಿ ಅಂತ. ಈ ದೇಶಕ್ಕೆ ಬಂದ ಹೊಸದರಲ್ಲಿ ಬಸ್ಸಿನಲ್ಲಿ ನಾವಿಬ್ಬರೂ ಕನ್ನಡದಲ್ಲಿ ಮಾತಾಡಿಕೊಂಡು ನಗುತ್ತಿದ್ದದ್ದು ನೆನಪಾಯಿತು.

ನೀಲ್ ಕೂಡ ಟೊರಾಂಟೊದಲ್ಲೇ ಹುಟ್ಟಿದ್ದು, 1945ರಲ್ಲಿ. 2014ರ ಜನವರಿಯಲ್ಲಿ ಇಲ್ಲಿನ ಮ್ಯಾಸಿ ಹಾಲ್‌ನಿಂದ ಶುರುಮಾಡಿ ಸರಣಿ ಕಛೇರಿ ಕೊಟ್ಟು, ಅಥಬಾಸ್ಕ ಚಿಪವಯನ್ ಮೂಲನಿವಾಸಿ ಜನರ ಕೋರ್ಟು ಖರ್ಚಿಗೆ ಹಣ ಕೂಡಿಸಿದ. ತೈಲ ಮರಳಿನ ಗಣಿಗಾರಿಕೆ ವಿರುದ್ಧದ ಹೋರಾಟ ಅದು. ಈ ಆಲ್ಬಮ್ಮಿನಲ್ಲಿ ಅವನು ಬಾಯಿ ಮುಚ್ಚಿಕೊಂಡು ಫಾರ್ಮರ್‌ಗೆ ಮಾತಾಡಲು ಬಿಟ್ಟದ್ದು ನನಗೆ ಸರಿಯಾಗಿಯೇ ಕಾಣುತ್ತದೆ.

ಧಾರವಾಡಿ

ಇದು ಒಳ್ಳೆ ಮಾತು. ಒಪ್ಪಿದೆ. ಆದರೆ ಅದು ಡೆಪ್ ಪದ್ಯ ಓದುವುದಕ್ಕೆ ಉತ್ತರ ಆಗಲಿಲ್ಲ. ನಿದ್ದೆಗಣ್ಣಿನಲ್ಲಿ ಹಾಜರಿ ಕರೆದ ಹಾಗಿದೆ.

ಆರನೇತಂತಿ

😄 ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ.

ಲೆಕ್ಕಿಗ

ಒಂದು ಹೋಲಿಕೆ ಮಾಡೋಣ. ಇಂಗ್ಲೆಂಡಿನ ಗಾಯಕ ಪೀಟರ್ ಗೇಬ್ರಿಯಲ್ 1988ರಲ್ಲಿ ಮಾರ್ಟಿನ್ ಸ್ಕಾರ್ಸೆಸಿಯ ‘ದಿ ಲಾಸ್ಟ್ ಟೆಂಪ್ಟೇಶನ್ ಆಫ್ ಕ್ರೈಸ್ಟ್’ಗೆ ಸಂಗೀತ ಮಾಡಿದ. ಸಿನಿಮಾ ಬಿಡುಗಡೆ ಆದಮೇಲೂ ಸುಮ್ಮನಿರಲಿಲ್ಲ. ತಿಂಗಳುಗಟ್ಟಲೆ ಕೂತು ತಿದ್ದಿ, ಬೆಳೆಸಿ, 1989ರಲ್ಲಿ ‘ಪ್ಯಾಶನ್’ ಅಂತ ಬೇರೆಯೇ ಹೆಸರಿಟ್ಟು ತಂದ. ನಮ್ಮ ಎಲ್. ಶಂಕರ್ ಪಿಟೀಲು ಇದೆ ಅದರಲ್ಲಿ. ಸಿನಿಮಾ ನೋಡದವನೂ ಅದನ್ನು ಕೇಳಬಹುದು. ಅದರಲ್ಲಿ ಡೈಲಾಗ್ ಇಲ್ಲ.

ಗಿಟಾರ್ ವಾದಕ ಮಾರ್ಕ್ ನಾಫ್ಲರ್ 1983ರಲ್ಲಿ ‘ಲೋಕಲ್ ಹೀರೋ’ ಸಿನಿಮಾಗೆ ಮಾಡಿದ್ದೂ ಹಾಗೇ. ಅದರ ಕೊನೆಯ ರಾಗ ನ್ಯೂಕ್ಯಾಸಲ್ ಯುನೈಟೆಡ್ ಫುಟ್‌ಬಾಲ್ ಮೈದಾನದಲ್ಲಿ ತಂಡ ಒಳಗೆ ಬರುವಾಗ ಹಾಕುತ್ತಾರೆ. ಸ್ಟೇಡಿಯಮ್ಮಿನಲ್ಲಿ ಇರುವವರಲ್ಲಿ ಎಷ್ಟು ಜನ ಸಿನಿಮಾ ನೋಡಿದ್ದಾರೋ! ರಾಗ ತನ್ನ ಕಾಲ ಮೇಲೆ ನಿಂತಿದೆ.

ಇವರಿಬ್ಬರೂ ಸಿನಿಮಾದ ಕೆಲಸ ಬೇರೆ, ಆಲ್ಬಮ್ಮಿನ ಕೆಲಸ ಬೇರೆ ಅಂತ ತಿಳಿದವರು. ನೀಲ್ ಟೇಪನ್ನು ಎತ್ತಿ ಹಾಗೇ ನಮ್ಮ ಕೈಗೆ ಕೊಟ್ಟ. 1996ರಲ್ಲಿ ತನ್ನದೇ ವೇಪರ್ ರೆಕಾರ್ಡ್ಸ್‌ನಿಂದ ತಂದ. ಬೇಡ ಅನ್ನಲು ಅಲ್ಲಿ ಯಾರಿದ್ದರು?

ಕಡಲಕರೆ

ಬೇಡ ಅನ್ನುವವರು ಇದ್ದಾಗ ಏನಾಯಿತು ಅಂತ ಮರೆತಿರಾ? ಅವನ ಆಲ್ಬಮ್ ತರುತ್ತಿದ್ದ ಗೆಫನ್ ಕಂಪನಿ 1983ರಲ್ಲಿ ಅವನ ಮೇಲೆ ಕೇಸು ಹಾಕಿತು. ‘ನೀಲ್ ಯಂಗ್ ನೀಲ್ ಯಂಗ್ ಥರ ಹಾಡುತ್ತಿಲ್ಲ’ ಅನ್ನುವುದೇ ದೂರು. 33 ಲಕ್ಷ ಡಾಲರ್ ಕೇಳಿದರು. ‘ಟ್ರಾನ್ಸ್’ ಆಲ್ಬಮ್ಮಿನಲ್ಲಿ ದನಿಯನ್ನು ಯಂತ್ರದ ದನಿಯಾಗಿಸುವ ವೋಕೋಡರ್‌ಗೆ ಹಾಕಿ ಹಾಡಿದ್ದ, ಆಮೇಲೆ 1950ರ ದಶಕದ ಹಳೇ ಶೈಲಿಯ ರಾಕಬಿಲ್ಲಿ ಮಾಡಿದ, ಅದಕ್ಕೆ ಸಿಟ್ಟು. ಈಗ ನಾವು ಇಲ್ಲಿ ಕೂತು ಮಾಡುತ್ತಿರುವುದೂ ಅದೇ ಕೇಸು.

ಮತ್ತೆ ‘ಟೇಪ್ ಎತ್ತಿ ಕೊಟ್ಟ’ ಅನ್ನುವುದು ತಪ್ಪು. ಟೇಪ್ ಎತ್ತಿ ಕೊಟ್ಟಿದ್ದರೆ ಕಾರಿನ ಸದ್ದು ಎಲ್ಲಿಂದ ಬರುತ್ತಿತ್ತು? ಅದು ಸಿನಿಮಾದಲ್ಲಿ ಇಲ್ಲ. ಬೇಕು ಅಂತಲೇ ಸೇರಿಸಿದ್ದು. ಅಂದರೆ ಇದನ್ನೂ ಬೇರೆ ಕೆಲಸ ಅಂತಲೇ ಮಾಡಿದ್ದಾನೆ. ನಿಮಗೆ ಹಿಡಿಸಲಿಲ್ಲ, ಅದು ಬೇರೆ.

ಲೆಕ್ಕಿಗ

ಕಾರಿನ ವಿಷಯದಲ್ಲಿ ಸಿಕ್ಕಿಬಿದ್ದೆ. ಒಪ್ಪಿದೆ. ಉಳಿದದ್ದು ಹಾಗೇ ನಿಂತಿದೆ.

ಮಳೆಬಿಲ್ಲು

ಕಾರಿನ ಸದ್ದು ನನಗೆ ಇಷ್ಟ. ಸತ್ತವನು 19ನೇ ಶತಮಾನದವನು, ಕೇಳುತ್ತಿರುವವರು ನಾವು. ಹೈವೇ ಪಕ್ಕದ ಲಾಡ್ಜಿನಲ್ಲಿ ರಾತ್ರಿ ನಿದ್ದೆ ಬಾರದೆ ಮಲಗಿದ ಹಾಗೆ ಇರುತ್ತದೆ.

ಆರನೇತಂತಿ

‘ಆರ್ಕ್’ ಕೇಳಿದವರು ಇದ್ದೀರಾ? 1991ರದ್ದು. ‘ವೆಲ್ಡ್’ ಲೈವ್ ಆಲ್ಬಮ್ ಜೊತೆ ಬಂತು. 35 ನಿಮಿಷ, ಬರೀ ಹಾಡುಗಳ ಬಾಲ. ಅಂದರೆ ಹಾಡು ಮುಗಿದ ಮೇಲಿನ ಫೀಡ್‌ಬ್ಯಾಕ್ ತುಂಡುಗಳನ್ನೇ ಕತ್ತರಿಸಿ ಜೋಡಿಸಿದ್ದು. ಆ ಪ್ರವಾಸದಲ್ಲಿ ಜೊತೆಗಿದ್ದ ಸೋನಿಕ್ ಯೂತ್ ತಂಡದ ಥರ್ಸ್ಟನ್ ಮೂರ್ ಕೊಟ್ಟ ಐಡಿಯಾ. ಅದನ್ನು ಕೇಳಿಬಂದರೆ ‘ಡೆಡ್ ಮ್ಯಾನ್’ ಜೋಗುಳದ ಹಾಗೆ ಇರುತ್ತದೆ.

ನಾನು ಕಂಡ ಹಾಗೆ ಜಗಳ ಇರುವುದು ಈ ಆಲ್ಬಮ್ ಮೇಲಲ್ಲ. ‘ಹಾರ್ವೆಸ್ಟ್’ ಬಾಗಿಲಿನಿಂದ ಒಳಗೆ ಬಂದವರಿಗೆ ನೀಲ್ ಅಂದರೆ ಹಾಡು. ಕ್ರೇಜಿ ಹಾರ್ಸ್ ಬಾಗಿಲಿನಿಂದ ಬಂದವರಿಗೆ ಹಾಡು ಒಂದು ನೆಪ, ನಡುವಿನ ಗಿಟಾರೇ ಊಟ. ಮೊದಲನೆಯವರಿಗೆ ಇಲ್ಲಿ ಎಲೆ ಖಾಲಿ ಕಾಣುತ್ತದೆ.

ಧಾರವಾಡಿ

ನಾನು ಎರಡನೇ ಬಾಗಿಲಿನಿಂದ ಬಂದವನು. ಆದರೂ ಎಲೆ ಖಾಲಿನೇ ಇದೆ.

ಹಳೇಕ್ಯಾಸೆಟ್

ಎಲ್ಲರಿಗೂ ವರದಿ. ಭಾನುವಾರ ಸಿನಿಮಾ ನೋಡಿದೆ. ಹೆಂಡತಿಯೂ ಕೂತಳು. ಅರ್ಧಕ್ಕೆ ಏಳಬಹುದು ಅಂದುಕೊಂಡಿದ್ದೆ, ಏಳಲಿಲ್ಲ.

ಸಿನಿಮಾದಲ್ಲಿ ಅದು ಬೇರೆಯೇ ವಸ್ತು. ನಾನು ಸಿಡಿಯಲ್ಲಿ ಕೇಳಿ ಬೈದ ಅದೇ ಸದ್ದು, ಅಲ್ಲಿ ಬಂದ ಕೂಡಲೇ ಮೈ ಬಿಗಿಯಾಗುತ್ತಿತ್ತು. ರಾಬರ್ಟ್ ಮಿಚಮ್ ಬಂದೂಕು ಹಿಡಿದು ನಿಲ್ಲುವ ದೃಶ್ಯ, ಇಗ್ಗಿ ಪಾಪ್ ಹೆಂಗಸಿನ ಬಟ್ಟೆ ಹಾಕಿಕೊಂಡು ಅಡುಗೆ ಮಾಡುವ ದೃಶ್ಯ, ಎಲ್ಲ ನೋಡಿ ನಕ್ಕೆವು. ಕೊನೆಯಲ್ಲಿ ದೋಣಿ ಸಮುದ್ರಕ್ಕೆ ಹೋಗುವಾಗ ನಗು ಎಲ್ಲಿ ಹೋಯಿತೋ. ಈಬರ್ಟ್ ಬೈದ ಆ ಕೊನೆಯ ಅರ್ಧ ಗಂಟೆಯೇ ನನಗೆ ಜಾಸ್ತಿ ಹಿಡಿಸಿದ್ದು. ದೋಣಿ ದೂರ ಹೋದ ಹಾಗೆ ಗಿಟಾರ್ ಹತ್ತಿರ ಬರುತ್ತದೆ, ಗಮನಿಸಿದ್ದೀರಾ?

ಆಮೇಲೆ ಸಿಡಿ ಮತ್ತೆ ಹಾಕಿದೆ. ಇಲ್ಲೇ ತೊಡಕು. ಈಗ ಕೇಳುವಾಗ ಕಣ್ಣಿಗೆ ಸಿನಿಮಾ ಬರುತ್ತದೆ. ಹಾಗಾಗಿ ಚೆನ್ನಾಗಿದೆ ಅನಿಸುತ್ತದೆ. ಚೆನ್ನಾಗಿರುವುದು ಆಲ್ಬಮ್ಮೋ, ನನ್ನ ನೆನಪೋ? ಗೊತ್ತಾಗುತ್ತಿಲ್ಲ. ಆರ್ಗನ್ ಸೋಲೋ ಮಾತ್ರ ಯಾವ ನೆನಪೂ ಬೇಡದೆ ಹಾಗೇ ಇಷ್ಟವಾಯಿತು. ಎರಡು ನಿಮಿಷವೂ ಇಲ್ಲ. ಬೆಳಗ್ಗೆ ಕಾಫಿ ಹೊತ್ತಿಗೆ ಅದೊಂದನ್ನೇ ಮೂರು ಸಲ ಹಾಕಿದೆ.

ಕಡಲಕರೆ

ಹಾಡು ಕೇಳುವಾಗ ಹಳೇ ಪ್ರೇಮ ನೆನಪಾದರೆ, ಚೆನ್ನಾಗಿರುವುದು ಹಾಡೋ ಪ್ರೇಮವೋ ಅಂತ ಯಾರಾದರೂ ಕೇಳುತ್ತಾರಾ ಮಾರಾಯ್ರೆ? ಅನುಭವಿಸಿ.

ಲೆಕ್ಕಿಗ

ನಾನು ಕೇಳುತ್ತೇನೆ. ದುಡ್ಡು ಕೊಟ್ಟದ್ದು ಯಾವುದಕ್ಕೆ ಅಂತ ಗೊತ್ತಾಗಬೇಕಲ್ಲ.

ಟೊರಾಂಟೊಮಾಮ

ನುಡಿಸುತ್ತಿರುವ ನೀಲ್‌ನನ್ನೇ ನೋಡಬೇಕು ಅನ್ನುವವರಿಗೆ: 2018ರಲ್ಲಿ ಕ್ರೈಟೀರಿಯನ್ ಕಂಪನಿ ತಂದ ಸಿನಿಮಾದ ಡಿಸ್ಕಿನಲ್ಲಿ ಅವನು ಈ ಸಂಗೀತ ನುಡಿಸುವ ಹಳೇ ತುಣುಕು ಸೇರಿಸಿದ್ದಾರೆ. ಗಿಟಾರ್ ಎಲ್ಲೂ ಬೀಳುವುದಿಲ್ಲ.

ನೀಲ್, ಜಾರ್ಮುಶ್ ಇಬ್ಬರಿಗೂ ಈ ಕೆಲಸ ಹಿಡಿಸಿರಬೇಕು. 1996ರಲ್ಲೇ ಜಾರ್ಮುಶ್ ಕ್ಯಾಮೆರಾ ಹಿಡಿದು ಕ್ರೇಜಿ ಹಾರ್ಸ್ ಪ್ರವಾಸದ ಹಿಂದೆ ಹೋದ. ಅದು 1997ರಲ್ಲಿ ‘ಇಯರ್ ಆಫ್ ದಿ ಹಾರ್ಸ್’ ಸಾಕ್ಷ್ಯಚಿತ್ರ ಆಗಿ ಬಂತು.

ಹಳೇಕ್ಯಾಸೆಟ್

ಡೈಲಾಗ್ ಟ್ರ್ಯಾಕುಗಳಲ್ಲಿ ನೋಬಡಿ ಕಥೆ ಒಂದು ಇಟ್ಟುಕೊಂಡು, ಮಿಕ್ಕದ್ದು ಬಿಟ್ಟು, ನನ್ನದೇ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಸೋಲೋಗಳ ನಡುವೆ ಒಂದೊಂದು ನಿಮಿಷ ಖಾಲಿ ಬಿಟ್ಟಿದ್ದೇನೆ, ಮಳೆಬಿಲ್ಲು ಮೇಡಂ ಹೇಳಿದ ಹಾಗೆ. ಮೊದಲ ಖಾಲಿಯಲ್ಲಿ ನಮ್ಮ ಬೀದಿಯ ನಾಯಿ ಬೊಗಳಿತು. ಪರವಾಗಿಲ್ಲ, ಹೊಂದಿಕೊಂಡಿತು.

ಮಳೆಬಿಲ್ಲು

ಸೋಲೋ 5ಕ್ಕೆ ಮೊದಲು ಎರಡು ನಿಮಿಷ ಬಿಟ್ಟು ನೋಡಿ. ಅದಕ್ಕೆ ಉಸಿರು ಬೇಕು.

ಲೆಕ್ಕಿಗ

14 ನಿಮಿಷ ಬಿಡಿ. ಸರಿಹೋಗುತ್ತದೆ.